ಕೊಲ್ಲೇರಿನ ಗುಳ್ಳೆಗಳ ಲೆಕ್ಕ

ವಿಜಯವಾಡದ ಕಡೆ ಹೋಗಿ ಕೊಲ್ಲೇರು ಸರೋವರ ನೋಡಿಬಂದ ಓದುಗರೊಬ್ಬರು ಕೇಳಿದ್ದಾರೆ: ‘ಇಂಥ ಜೌಗು ಕೆರೆಗಳು ಗಾಳಿಯ ಕಾರ್ಬನ್ ಹೀರುತ್ತವೆ ಅಂತಾರೆ. ಹಾಗಾದರೆ ಕೆಸರಿನಿಂದ ಗುಳ್ಳೆ ಏಳುವುದೇಕೆ?’

ಉತ್ತರದ ಅರ್ಧ ಗೋಲಿ ಸೋಡದಲ್ಲಿದೆ. ನೀರಿನ ಮೇಲೆ ಒಂದು ಅನಿಲದ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಆ ಅನಿಲ ನೀರಿನಲ್ಲಿ ಕರಗಿರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ. ಗೋಲಿ ಒಳಗೆ ಬಿದ್ದೊಡನೆ ಒತ್ತಡ ಇಳಿಯುತ್ತದೆ, ಹೆಚ್ಚುವರಿ ಅನಿಲ ಬುಸ್ಸೆಂದು ಹೊರಬರುತ್ತದೆ. ಸೋಡ ಬಿಸಿಲಿಗೆ ಕಾದಿದ್ದರೆ ಇನ್ನೂ ಜೋರು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು, ಮೀಥೇನ್ ಎರಡು ಪಾಲಿಗೂ ಕಡಿಮೆ. ಕೆರೆ ಸುಮ್ಮನಿದ್ದಿದ್ದರೆ ಅದರ ನೀರಿನಲ್ಲೂ ಅದಕ್ಕೆ ತಕ್ಕಷ್ಟೇ ಇರಬೇಕಿತ್ತು. ಆದರೆ ಕೊಲ್ಲೇರಿಗೆ ಬುಡಮೇರು, ತಮ್ಮಿಲೇರು ಹಳ್ಳಗಳು ಕೊಳೆಯುವ ಸರಕನ್ನು ತಂದು ಸುರಿಯುತ್ತವೆ. ಸುತ್ತಲಿನ ಮೀನು ಹೊಂಡಗಳ ಮೇವಿನ ಉಳಿಕೆಯೂ ಸೇರುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್ ಆಗಿಸುತ್ತವೆ. 1776ರಲ್ಲಿ ಇಟಲಿಯ ಮ್ಯಾಜಿಯೊರೆ ಸರೋವರದ ಕೆಸರನ್ನು ಕೋಲಿನಿಂದ ಕೆದಕಿ ಅಲೆಸ್ಸಾಂಡ್ರೊ ವೋಲ್ಟ ಬಾಟಲಿಗೆ ಹಿಡಿದದ್ದು ಇದೇ ಅನಿಲವನ್ನು. ಆಳದ ಕೆರೆಯಲ್ಲಾದರೆ ಮೇಲೇರುವಷ್ಟರಲ್ಲಿ ಅದರ ಬಹುಪಾಲನ್ನು ಬೇರೆ ಬ್ಯಾಕ್ಟೀರಿಯಗಳು ತಿಂದು ಮುಗಿಸಬಹುದು. ಆಳವಿಲ್ಲದ ಕೊಲ್ಲೇರಿನಂಥ ಕಡೆ ಗುಳ್ಳೆ ಸೀದಾ ಗಾಳಿ ಸೇರುತ್ತದೆ.

ಅಂತರ್ಜಲದ ಕತೆಯೂ ಇದೇ. ಮಣ್ಣಿನೊಳಗೆ ಬೇರು, ಜೀವಾಣುಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹೊರಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಇಂಗುವ ಮಳೆನೀರು ಅದನ್ನು ಹೊತ್ತು ಸುಣ್ಣದಂಶವನ್ನು ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ ನೀರು ಮೇಲೆ ಬಂದೊಡನೆ ಅನಿಲ ಹಾರಿಹೋಗಿ, ಬಕೆಟ್ಟಿನಲ್ಲಿ ಬಿಳಿ ಪದರ ಉಳಿಯುತ್ತದೆ. ಗದ್ದೆಯ ಗೊಬ್ಬರದಿಂದ ಇಳಿದ ನೈಟ್ರೇಟು ಆಮ್ಲಜನಕ ಕಡಿಮೆಯಾದಲ್ಲಿ ನೈಟ್ರಸ್ ಆಕ್ಸೈಡ್ ಆಗಬಹುದು. ಆ ನೀರು ಪಕ್ಕದ ಕೆರೆಗೆ ಜಿನುಗಿದರೆ ಅನಿಲವೂ ಜೊತೆಗೇ ಹೋಗುತ್ತದೆ.

ಇಂಥ ಅನಿಲವನ್ನು ಯಾವ ಕಾಲದಲ್ಲಿ ಅಳೆಯುತ್ತೇವೆ ಎಂಬುದೂ ಮುಖ್ಯ. ವಿಶಾಖಪಟ್ಟಣದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರು ಗೋದಾವರಿ ಅಳಿವೆಯನ್ನು ಅಳೆದು 2011ರಲ್ಲಿ ವರದಿ ಮಾಡಿದರು: ಮಳೆಗಾಲದ ಪ್ರವಾಹದ ಹೊತ್ತಿನಲ್ಲಿ ಅಲ್ಲಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ವಿಪರೀತ. ಬೇಸಿಗೆಯಲ್ಲಷ್ಟೇ ಅಳೆದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಕೆರೆಯ ಹೂಳಿನಲ್ಲಿ ಕಾರ್ಬನ್ ಹುದುಗುವುದು ನಿಜ. ಆದರೆ ಮಧ್ಯಾಹ್ನ ಪಾಚಿ ಹೀರಿದ್ದನ್ನು ಎಣಿಸಿ, ರಾತ್ರಿ ಹೊರಬಿಟ್ಟದ್ದನ್ನು ಬಿಟ್ಟರೆ ಅದು ಲೆಕ್ಕವಲ್ಲ, ಜಾಹೀರಾತು. ನೂರು ವರ್ಷದ ಅವಧಿಯಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು ಕೊಲ್ಲೇರಿಗೆ 2002ರಲ್ಲಿ ಸಿಕ್ಕ ರಾಮ್ಸರ್ ಮಾನ್ಯತೆ ಹಕ್ಕಿಗಳಿಗೂ ನೀರಿಗೂ ಬೇಕೇ ಬೇಕು. ಅದನ್ನು ಸಮರ್ಥಿಸಲು ಕಾರ್ಬನ್ ಖಜಾನೆಯ ಬಣ್ಣ ಹಚ್ಚಬೇಕಿಲ್ಲ.