ಪ್ರಾಗ್‌ನಲ್ಲಿ 'ಗುಬ್ಬಚ್ಚಿ' ಆರ್ಡರ್ ಮಾಡುವ ಮುನ್ನ

ಪ್ರಾಗ್‌ನ ಹೋಟೆಲೊಂದರ ಮೆನುವಿನಲ್ಲಿ 'ಮೊರಾವ್ಸ್ಕಿ ವ್ರಾಬೆಟ್ಸ್' ಅಂತ ಇರುತ್ತೆ. ಪದಕ್ಕೆ ಪದ ಇಟ್ಟರೆ 'ಮೊರಾವಿಯಾದ ಗುಬ್ಬಚ್ಚಿ'. ತಟ್ಟೆಗೆ ಬರೋದು ಮಾತ್ರ ಹುರಿದ ಹಂದಿಮಾಂಸ! ಹಂದಿ ತಿನ್ನದವರಿಗೆ ಇದು ಜೋಕ್ ಅಲ್ಲ.

ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಟ್ರಾವೆಲ್ ಆಪ್ ಮಾಡ್ತಿದ್ದೀವಿ. ಚೆಕ್ ಭಾಷೆಯಿಂದ ಇಂಗ್ಲಿಷ್‌ಗೆ ತರೋಕೆ ಒಂದು ಎಪಿಐ ಸಾಕು ಅಂದುಕೊಂಡಿದ್ವಿ. ಈ ಗುಬ್ಬಚ್ಚಿ ಸಿಕ್ಕ ಮೇಲೆ, ಒಳ್ಳೆಯ ಅನುವಾದಕರನ್ನು ಹುಡುಕೋದು ಹೇಗೆ ಅಂತ ಓದತೊಡಗಿದೆವು.

ಚೆಕ್‌ನಲ್ಲಿ ನಮ್ಮ ಕನ್ನಡದ ಹಾಗೇ ವಿಭಕ್ತಿಗಳಿವೆ, ಒಟ್ಟು 7. ಊರಿನ ಹೆಸರು 'ಪ್ರಹಾ'. ಆದರೆ 'ಪ್ರಾಗ್‌ಗೆ' ಅನ್ನೋಕೆ 'ದೊ ಪ್ರಹಿ', 'ಪ್ರಾಗ್‌ನಲ್ಲಿ' ಅನ್ನೋಕೆ 'ವ್ ಪ್ರಜೆ'. ಕೇಳೋಕೆ ನಮ್ಮ ಪ್ರಜೆ ತರಾನೇ! ಇನ್ನು 'ಹೋಸ್ಟ್' ಅಂದ್ರೆ ಚೆಕ್‌ನಲ್ಲಿ ಅತಿಥಿ, ಇಂಗ್ಲಿಷ್‌ನಲ್ಲಿ ಆತಿಥೇಯ. ಸ್ಪೆಲ್ಲಿಂಗ್ ಒಂದೇ, ಅರ್ಥ ಉಲ್ಟಾ. ಟೈಮ್‌ಟೇಬಲ್‌ನಲ್ಲಿ 'ಯೆದೆ' ಅಂದ್ರೆ ಬಸ್ ಓಡುತ್ತೆ, 'ನೆಯೆದೆ' ಅಂದ್ರೆ ಓಡಲ್ಲ. ಎರಡಕ್ಷರ ಬಿಟ್ಟುಹೋದರೆ ಪ್ರವಾಸಿ ಖಾಲಿ ಸ್ಟಾಪ್‌ನಲ್ಲಿ ಕಾಯ್ತಾ ನಿಲ್ಲಬೇಕು.

ಹಾಗಾದ್ರೆ ಹುಡುಕೋದು ಹೇಗೆ? ಮೊದಲು ಕೆಲಸ ಯಾವುದು ಅಂತ ನಿರ್ಧರಿಸಿ. ಬರಹಕ್ಕೆ ಅನುವಾದಕರು, ಗೈಡ್ ಜೊತೆಗಿನ ಮಾತುಕತೆಗೆ ದುಭಾಷಿಗಳು. ಇವೆರಡೂ ಬೇರೆ ಬೇರೆ ಕೌಶಲ. ಅಧಿಕೃತ ದಾಖಲೆಗಳಿಗಾದರೆ ಕೋರ್ಟ್ ಅನುವಾದಕರ ಮುದ್ರೆ ಬೇಕಾಗಬಹುದು. ಅವರ ಪಟ್ಟಿ ಅಲ್ಲಿನ ನ್ಯಾಯ ಸಚಿವಾಲಯದಲ್ಲಿದೆ. ಬ್ರೋಷರ್‌ಗೆ, ಮೆನುಗೆ ಆ ಮುದ್ರೆ ಬೇಕಿಲ್ಲ.

ಸಾಮಾನ್ಯ ನಿಯಮ: ಅನುವಾದಕರು ತಮ್ಮ ಮಾತೃಭಾಷೆಗೆ ಅನುವಾದಿಸಬೇಕು. ಅಂದ್ರೆ ನಮಗೆ ಬೇಕಾದವರು ಇಂಗ್ಲಿಷ್ ಮನೆಮಾತಿನವರು, ಚೆಕ್ ಚೆನ್ನಾಗಿ ಬಲ್ಲವರು. ಪ್ರಾಗ್‌ನಲ್ಲಿ 1990ರಲ್ಲಿ ಶುರುವಾದ ಜೆಟಿಪಿ ಎಂಬ ಅನುವಾದಕರ ಮತ್ತು ದುಭಾಷಿಗಳ ಸಂಘವಿದೆ. ಬ್ರಿಟನ್‌ನಲ್ಲಿ ಐಟಿಐ ಇದೆ. ಎರಡರ ಸದಸ್ಯರ ಪಟ್ಟಿಯಲ್ಲೂ ಹುಡುಕಬಹುದು.

ರೇಟ್ ಕೇಳುವಾಗ 'ಪೇಜ್' ಅಂದ್ರೆ ಎಷ್ಟು ಅಂತಲೂ ಕೇಳಿ. ಚೆಕ್ ಲೆಕ್ಕದಲ್ಲಿ ಒಂದು ಸ್ಟ್ಯಾಂಡರ್ಡ್ ಪೇಜ್ ಅಂದ್ರೆ ಸ್ಪೇಸ್ ಸೇರಿ 1800 ಕ್ಯಾರೆಕ್ಟರ್. ಒಪ್ಪಿಕೊಳ್ಳುವ ಮುಂಚೆ ಚಿಕ್ಕ ಸ್ಯಾಂಪಲ್ ಕೊಡಿ, ಅದರಲ್ಲಿ ಗುಬ್ಬಚ್ಚಿ ಇರಲಿ. ಒಳ್ಳೆಯ ಅನುವಾದಕರು 'ಇದನ್ನ ಓದೋರು ಯಾರು?' ಅಂತ ವಾಪಸ್ ಪ್ರಶ್ನೆ ಕೇಳ್ತಾರೆ. ಏನೂ ಕೇಳದೆ ಒಂದೇ ಗಂಟೆಯಲ್ಲಿ ಕಳಿಸಿದರೆ ಸ್ವಲ್ಪ ಅನುಮಾನಿಸಿ.

ಕೊನೆಯದಾಗಿ, ಎರಡನೇ ಕಣ್ಣು. ಅನುವಾದ ಸೇವೆಗಳ ಐಎಸ್‌ಒ 17100 ಮಾನದಂಡದ ಪ್ರಕಾರ ಒಬ್ಬರು ಮಾಡಿದ ಅನುವಾದವನ್ನು ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ನೋಡಲೇಬೇಕು. ನಮ್ಮ ಕೋಡ್ ರಿವ್ಯೂ ಇದ್ದ ಹಾಗೆ.

ಸದ್ಯಕ್ಕೆ ನಮ್ಮ ಆಪ್‌ನಿಂದ ಮೆನು ಭಾಗವನ್ನು ತೆಗೆದಿದ್ದೀವಿ. ಡೆಮೊದಲ್ಲಿ ಎರಡು ಮಾರ್ಕ್ಸ್ ಹೋದರೆ ಹೋಗಲಿ. ನಮ್ಮನ್ನ ನಂಬಿ ಕೂತವರ ತಟ್ಟೆಗೆ ತಿನ್ನಬಾರದ್ದು ಬರೋದು ಬೇಡ.