ಕಾಣದುದನ್ನು ನುಡಿಯುವ ಬಗೆ: ಕನ್ನಡದ ‘ಅಂತೆ’

ಕಣ್ಣಾರೆ ಕಂಡ ಸಂಗತಿಗೂ ಇತರರಿಂದ ಕೇಳಿ ತಿಳಿದ ಸಂಗತಿಗೂ ವ್ಯಾಕರಣದಲ್ಲಿಯೇ ಭೇದವೆಣಿಸುವ ಭಾಷೆಗಳು ಲೋಕದಲ್ಲಿ ಹಲವಿವೆ. ಒಬ್ಬನು ಬಂದುದನ್ನು ತಾನೇ ಕಂಡ ತುರ್ಕನು ‘ಗೆಲ್ದಿ’ ಎನ್ನುವನು. ಕೇಳಿಯೋ ಊಹಿಸಿಯೋ ತಿಳಿದವನು ‘ಗೆಲ್ಮಿಶ್’ ಎನ್ನುವನು. ಅಮೆಜಾನ್ ಪ್ರದೇಶದ ತುಯೂಕ ಭಾಷೆಯಲ್ಲಿ ಇಂತಹ ಭೇದಗಳು ಐದು.

ಸಂಸ್ಕೃತ ವೈಯಾಕರಣರಿಗೂ ಈ ವಿವೇಕವು ಹೊಸದಾಗಿರಲಿಲ್ಲ. ಹೇಳುವವನ ಕಣ್ಣಿಗೆ ಮರೆಯಾಗಿ ಹಿಂದೆ ನಡೆದುದಕ್ಕೆ ಪಾಣಿನಿಯು ಲಿಟ್ ಲಕಾರವನ್ನು ವಿಧಿಸಿದನು. ಕಾತ್ಯಾಯನನು ಇದಕ್ಕೊಂದು ಅಪವಾದವನ್ನು ಸೇರಿಸಿದನು: ಘಟನೆಯು ಲೋಕಪ್ರಸಿದ್ಧವಾಗಿದ್ದು, ಹೇಳುವವನು ಅದನ್ನು ಕಾಣದಿದ್ದರೂ ಕಾಣಲು ಸಾಧ್ಯವಿದ್ದಿದ್ದರೆ ಅಲ್ಲಿ ಲಙ್ ಲಕಾರವೇ ಸಲ್ಲುತ್ತದೆ. ಪತಂಜಲಿಯ ಮಹಾಭಾಷ್ಯದಲ್ಲಿ ಇದಕ್ಕೆ ದೊರೆಯುವ ಉದಾಹರಣೆ, ಯವನನು ಸಾಕೇತಕ್ಕೆ ಹಾಕಿದ ಮುತ್ತಿಗೆ. ಹಾಗಾದರೆ ಆ ಮುತ್ತಿಗೆಯು ಪತಂಜಲಿಯ ಕಾಲದಲ್ಲಿಯೇ ನಡೆದಿರಬೇಕೆಂದು ಗೋಲ್ಡ್‌ಸ್ಟುಕರ್, ಪುಣೆಯ ರಾಮಕೃಷ್ಣ ಗೋಪಾಲ ಭಾಂಡಾರಕರ ಮೊದಲಾದ ವಿದ್ವಾಂಸರು ತರ್ಕಿಸಿ, ಅವನನ್ನು ಕ್ರಿ. ಪೂ. 2ನೆಯ ಶತಮಾನದಲ್ಲಿ ನಿಲ್ಲಿಸಿದರು. ಉದಾಹರಣೆಯು ಪತಂಜಲಿಗಿಂತ ಹಿಂದಿನದಾಗಿರಬಹುದೆಂಬ ಆಕ್ಷೇಪವೂ ಉಂಟು. ಅದೇನೇ ಇರಲಿ, ಒಂದು ಲಕಾರದ ಆಯ್ಕೆಯೇ ಇತಿಹಾಸಕ್ಕೆ ಆಧಾರವಾದುದು ಗಮನಾರ್ಹ. ಮುಂದೆ ಕಾವ್ಯಗಳಲ್ಲಿ ಲಿಟ್ಟು ಬಹುಮಟ್ಟಿಗೆ ಬರಿಯ ಭೂತಕಾಲವಾಗಿ ಸವೆಯಿತು.

ಕನ್ನಡದಲ್ಲಿ ಈ ಭೇದವು ಇಂದಿಗೂ ಜೀವಂತವಾಗಿದೆ. ‘ಬಂದನು’ ಎಂದವನು ಮಾತಿನ ಹೊಣೆಯನ್ನು ತಾನೇ ಹೊರುತ್ತಾನೆ. ‘ಬಂದನಂತೆ’ ಎಂದವನು ಅದನ್ನು ಬೇರೆಯವರಿಗೆ ಬಿಡುತ್ತಾನೆ. ಧಾರವಾಡದ ಕಡೆಯವರ ‘ಬಂದಾನಂತ’ ಎಂಬುದೂ ಇದೇ. ಪುಣೆಯ ಕನ್ನಡಿಗರು ನೆರೆಹೊರೆಯಲ್ಲಿ ನಿತ್ಯ ಕೇಳುವ ಮರಾಠಿಯ ‘ಮ್ಹಣೇ’ ಮಾಡುವ ಕೆಲಸವೂ ಬಹುಮಟ್ಟಿಗೆ ಇಂತಹುದೇ. ‘ಎಂದು’ ಬಳಸಿದಲ್ಲಿ ‘ಹೇಳಿದರು’ ಎಂಬಂತಹ ಒಂದು ಕ್ರಿಯಾಪದ ಬೇಕು. ‘ಅಂತೆ’ಗೆ ಅದರ ಹಂಗಿಲ್ಲ. ‘ಬಂದಂತೆ’ ಎಂಬಲ್ಲಿ ಕೃದಂತಕ್ಕೆ ಹತ್ತುವ ಹೋಲಿಕೆಯ ‘ಅಂತೆ’ ಬೇರೆ. ಪೂರ್ಣಕ್ರಿಯಾಪದಕ್ಕೆ ಹತ್ತುವ ಈ ‘ಅಂತೆ’ ಬೇರೆ. ಲಿಟ್ಟಿನಂತೆ ಇದು ಭೂತಕಾಲಕ್ಕೆ ಕಟ್ಟುಬಿದ್ದುದಲ್ಲ: ‘ನಾಳೆ ಬರುತ್ತಾನಂತೆ’ ಎನ್ನಬಹುದು, ‘ನೀನು ಬರಬೇಕಂತೆ’ ಎಂದು ಇನ್ನೊಬ್ಬರ ಅಪ್ಪಣೆಯನ್ನೂ ಮುಟ್ಟಿಸಬಹುದು. ‘ಯಾವಾಗ ಬರುತ್ತಾನಂತೆ?’ ಎಂದು ಕೇಳಿದಾಗಲಂತೂ ‘ಅಂತೆ’ ಸೂಚಿಸುವುದು ಕೇಳುವವನ ಅರಿವನ್ನಲ್ಲ, ಉತ್ತರಿಸಬೇಕಾದವನು ಕೇಳಿ ತಿಳಿದುದನ್ನು. ‘ನಾನು ಕಳ್ಳನಂತೆ!’ ಎಂಬಲ್ಲಿ ಅದು ನಿರಾಕರಣೆಯೇ ಆಗುತ್ತದೆ. ತುರ್ಕಿಯಲ್ಲಿರುವ ನಿರ್ಬಂಧ ಮಾತ್ರ ಇಲ್ಲಿಲ್ಲ. ‘ಅಂತೆ’ಯನ್ನು ಬಿಟ್ಟರೆ ವ್ಯಾಕರಣ ಕೆಡದು, ಸಾಕ್ಷ್ಯ ಕೆಡುತ್ತದೆ.

ಶಿಷ್ಟ ಬರವಣಿಗೆಯು ‘ಅಂತೆ’ಯನ್ನು ಆಡುಮಾತಿನದೆಂದು ದೂರವಿರಿಸಿ ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಎಂಬ ಭಾರವಾದ ಪ್ರಯೋಗಗಳನ್ನು ಅದರ ಸ್ಥಾನದಲ್ಲಿಟ್ಟಿದೆ. ವೃತ್ತಪತ್ರಿಕೆಗೆ ಅವು ಸಾಕು. ಆದರೆ ಹೊರನಾಡಿಗೆ ಬಂದು ನೆಲಸಿದ ಮನೆತನಗಳ ವೃತ್ತಾಂತವನ್ನು ಹಿರಿಯರ ಬಾಯಿಂದ ಬರೆದುಕೊಳ್ಳುವವರಿಗೆ ‘ಅಂತೆ’ಯೊಂದು ಅಮೂಲ್ಯವಾದ ಗುರುತು. ಮಗಳು ‘ತಂದೆಯವರು ಬಿಜಾಪುರದಿಂದ ಬಂದರು’ ಎಂದು, ಮೊಮ್ಮಗನು ‘ಅಜ್ಜ ಬಿಜಾಪುರದಿಂದ ಬಂದರಂತೆ’ ಎಂದು ಹೇಳಿದರೆ, ಆ ಒಂದು ಅವ್ಯಯದಿಂದ ಎರಡನೆಯ ಹೇಳಿಕೆಯ ಹಿಂದೆ ಬೇರೊಬ್ಬರಿದ್ದಾರೆಂಬುದು ತಿಳಿಯುತ್ತದೆ. ಅವರು ಆ ಮಗಳೇ ಇರಬಹುದು. ಭಾಷೆಯನ್ನು ತಿದ್ದುವ ಹುರುಪಿನಲ್ಲಿ ಎರಡನ್ನೂ ‘ಬಂದರು’ ಎಂದೇ ಬರೆದಲ್ಲಿ, ಇದ್ದ ಒಬ್ಬ ಸಾಕ್ಷಿಯು ಕಾಗದದ ಮೇಲೆ ಇಬ್ಬರಾಗುತ್ತಾರೆ.