ಹೊಳಪು ಹೇಳುವ ಲೆಕ್ಕ

ಮಳೆಗಾಲದ ಆರಂಭದಲ್ಲಿ ಖಾನಾಪುರದ ಕಾಡಂಚಿನಲ್ಲಿ ಮಿಂಚುಹುಳುಗಳು ಮಿನುಗುವುದನ್ನು ನೀವು ನೋಡಿರಬಹುದು. ಬೆಳಗಾವಿಯ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ದೀಪದ ಕೆಳಗೆ ನೋಟಿನ ಅಂಕಿಗಳು ಹೊಳೆಯುವುದನ್ನೂ ಕಂಡಿರಬಹುದು. ಈ ಎರಡು ಹೊಳಪುಗಳು ಒಂದೇ ಅಲ್ಲ. ಮಿಂಚುಹುಳು ತನ್ನ ದೇಹದ ರಾಸಾಯನಿಕ ಕ್ರಿಯೆಯಿಂದಲೇ ಬೆಳಕು ಕೊಡುತ್ತದೆ. ನೋಟಿನ ಶಾಯಿಯಾದರೋ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ, ಕಾಣುವ ಬೆಳಕಾಗಿ ಹೊರಸೂಸುತ್ತದೆ. ದೀಪ ಆರಿಸಿದರೆ ಹೊಳಪೂ ಇಲ್ಲ. ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಒಂದು ಪ್ರಯೋಗ ಮಾಡೋಣ. ಕ್ವಿನೈನ್ ಇರುವ ಟಾನಿಕ್ ವಾಟರನ್ನು ಎರಡು ಗಾಜಿನ ಲೋಟಗಳಿಗೆ ಸಮನಾಗಿ ಸುರಿಯಿರಿ. ಕತ್ತಲಲ್ಲಿ ಅಂಥದೇ ದೀಪದ ಕೆಳಗಿಡಿ. ದೀಪವನ್ನು ನೇರವಾಗಿ ನೋಡಬೇಡಿ. ಎರಡೂ ನೀಲಿಯಾಗಿ ಹೊಳೆಯುತ್ತವೆ. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಅಡುಗೆ ಉಪ್ಪು ಹಾಕಿ ಕಲಕಿರಿ. ಉಪ್ಪಿನ ಲೋಟ ಮಂಕಾಗುತ್ತದೆ. ಉಪ್ಪಿನ ಕ್ಲೋರೈಡ್ ಅಯಾನು ಕ್ವಿನೈನ್ ಅಣುವಿಗೆ ತಾಗಿ, ಅದು ಹೀರಿದ ಶಕ್ತಿ ಬೆಳಕಾಗದಂತೆ ತಡೆಯುತ್ತದೆ. ಅಂದರೆ, ಹೊಳಪನ್ನು ನೋಡಿ ಅಯಾನಿನ ಸುಳಿವು ಹಿಡಿಯಬಹುದು.

ಜೀವಕೋಶದಲ್ಲಿ ಇದೇ ಕೆಲಸವನ್ನು ಕೋಶವನ್ನು ಕೊಲ್ಲದೆ ಮಾಡಬೇಕು. ಹೃದಯದ ಸ್ನಾಯುಕೋಶ ಪ್ರತಿ ಬಡಿತದಲ್ಲೂ ಸಂಕುಚಿಸುವುದು ಅದರೊಳಗೆ ಕ್ಯಾಲ್ಸಿಯಂ ಅಯಾನಿನ ಪ್ರಮಾಣ ಕ್ಷಣಕಾಲ ಏರುವುದರಿಂದ. ಕೋಶವನ್ನು ಅರೆದು ಅಳೆದರೆ ಒಟ್ಟು ಕ್ಯಾಲ್ಸಿಯಂ ತಿಳಿದೀತು. ಈ ಏರಿಳಿತ ತಿಳಿಯದು. ಅದಕ್ಕಾಗಿ ಕ್ಯಾಲ್ಸಿಯಂ ಅಂಟಿದಾಗ ಹೊಳಪು ಬದಲಾಗುವ ಬಣ್ಣಗಳನ್ನು ಕೋಶದೊಳಗೆ ಸೇರಿಸುತ್ತಾರೆ. ಇವೇ ಪ್ರತಿದೀಪ್ತಿ ಶೋಧಕಗಳು.

ಇಲ್ಲೊಂದು ತೊಡಕಿದೆ. ಕೋಶ ಮಂಕಾಗಿ ಕಂಡರೆ ಕ್ಯಾಲ್ಸಿಯಂ ಕಡಿಮೆಯೋ, ಒಳಹೊಕ್ಕ ಬಣ್ಣವೇ ಕಡಿಮೆಯೋ? 1985ರಲ್ಲಿ ರೋಜರ್ ಚಿಯೆನ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ಯೂರಾ-2 ಎಂಬ ಬಣ್ಣ ಇದಕ್ಕೆ ಉತ್ತರ ಕೊಟ್ಟಿತು. ಕ್ಯಾಲ್ಸಿಯಂ ಅಂಟಿದಾಗ, 340 ನ್ಯಾನೋಮೀಟರ್ ತರಂಗದೂರದ ಕಿರಣ ಬಿಟ್ಟರೆ ಹೊಳಪು ಏರುತ್ತದೆ. 380ರ ಕಿರಣ ಬಿಟ್ಟರೆ ಇಳಿಯುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬಣ್ಣ ಎಷ್ಟಿದೆ ಎಂಬ ಪ್ರಶ್ನೆಯೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಉಳಿಯುವುದು ಕ್ಯಾಲ್ಸಿಯಂ.

ಹಾಗೆಂದು ಬಣ್ಣವನ್ನು ಧಾರಾಳವಾಗಿ ಹಾಕುವಂತಿಲ್ಲ. ಶೋಧಕವೂ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಅತಿಯಾದರೆ ಕೋಶದ ಸಹಜ ಏರಿಳಿತವನ್ನೇ ಕುಗ್ಗಿಸುತ್ತದೆ. ತೂಗುವವನ ಕೈ ತಕ್ಕಡಿಯನ್ನು ಒತ್ತಬಾರದಲ್ಲವೇ?

ಕೊನೆಗೆ ನಿಮಗೊಂದು ಪ್ರಶ್ನೆ: ನಮ್ಮ ಪ್ರಯೋಗದಲ್ಲಿ ಸಕ್ಕರೆಯ ಲೋಟ ಏಕೆ ಬೇಕಾಗಿತ್ತು? ಉತ್ತರ ಹೊಳೆದರೆ, ನೀವು ವಿಜ್ಞಾನಿಯಂತೆ ಯೋಚಿಸಲು ತೊಡಗಿದ್ದೀರಿ ಎಂದೇ ಅರ್ಥ.